ದೀಪದ ಮೇಲೆ ಅಂಟಿಸಿದ ಟೇಪು

ಬೆಳಗಾದರೆ ಆ ಗಲ್ಲಿಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ವ್ಯಾನ್ ಮಾವ ಗಾಡಿ ಸ್ಟಾರ್ಟ್ ಮಾಡಿದನೆಂದರೆ ಒಣಹಾಕಿದ ಬಟ್ಟೆಗೆಲ್ಲ ಕಪ್ಪು ಹೊಗೆ. ಬಾಡಿಗೆಗೆ ಓಡುವ ಡೀಸೆಲ್ ವ್ಯಾನು ಅದು. ಆದರೆ ಅದರ ಮೊದಲ ಕೆಲಸ, ಅವನ ಅಕ್ಕನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು. ಅದೊಂದು ಮಾತ್ರ ತಪ್ಪುವಂತಿಲ್ಲ.

ಮೊನ್ನೆ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಸಿಗ್ನಲ್‌ನಲ್ಲಿ ಗಾಡಿ ಗಡಗಡ ನಡುಗಿ ನಿಂತೇಹೋಯಿತು. ಹೇಗೋ ತಳ್ಳಿಸಿಕೊಂಡು ಆಸ್ಪತ್ರೆ ತಲುಪುವಷ್ಟರಲ್ಲಿ ಅಕ್ಕನ ಹಾಸಿಗೆಯನ್ನು ಬೇರೆಯವರಿಗೆ ಕೊಡುವುದರಲ್ಲಿದ್ದರು.

ಅಕ್ಕನ ಮಗಳು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಆ ಸಂಜೆ ಕೈಯ ಗ್ರೀಸ್ ಕೂಡ ಒರೆಸಿಕೊಳ್ಳದೆ ಬಂದಳು.

"ಮಾವ, ಇಂಜಿನ್ ದೀಪ ಹತ್ತಿರಲಿಲ್ವಾ?"

"ಹತ್ತಿತ್ತು. ಟೇಪ್ ಅಂಟಿಸಿದೀನಿ. ಕೂತೋರೆಲ್ಲ ಅದೇನು ಅದೇನು ಅಂತ ತಲೆ ತಿಂತಿದ್ರು."

ಅವಳು ಟೇಪು ಕಿತ್ತು ಅವನ ಅಂಗಿಯ ಜೇಬಿಗೆ ಅಂಟಿಸಿದಳು. "ಮಗು ಅತ್ರೆ ಬಾಯಿಗೆ ಟೇಪ್ ಹಾಕ್ತೀಯಾ?"

"ನೀನು ಚಿಕ್ಕೋಳಿದ್ದಾಗ ನಿನ್ನ ಬಾಯಿಗೆ ಹಾಕ್ಬೇಕಿತ್ತು. ಬ್ಯಾಟರಿ ಬದಲಾಯಿಸ್ದೆ, ಫಿಲ್ಟರ್ ಬದಲಾಯಿಸ್ದೆ, ಇಂಜೆಕ್ಟರ್ ತೊಳೆಸ್ದೆ. ಸಾಕಾಗಿಹೋಗಿದೆ ಕಣೇ. ಸ್ಟ್ಯಾಂಡಿನಲ್ಲಿ ಒಬ್ಬ, ಇಜಿಆರ್ ದಾರಿಗೆ ತಗಡು ಹಾಕಿ ಮುಚ್ಚಿಬಿಡು ಅಂದ. ತಗಡೂ ಅವನೇ ಕತ್ತರಿಸಿಕೊಟ್ಟ."

"ಇಜಿಆರ್ ಅಂದ್ರೆ ಏನು ಗೊತ್ತಾ?"

"ಗೊತ್ತಿದ್ರೆ ನಿನ್ನ ಯಾಕೆ ಕರೀತಿದ್ದೆ?"

"ನೀನು ಕರೀಲಿಲ್ಲ. ಅಮ್ಮ ಕರೆದ್ಲು." ಅವಳು ಅವನ ಕೈಯಿಂದ ತಗಡು ಕಿತ್ತುಕೊಂಡಳು. "ಇಂಜಿನ್ ಬಿಡೋ ಹೊಗೇಲಿ ಸ್ವಲ್ಪಾನ ಮತ್ತೆ ಇಂಜಿನ್ ಒಳಕ್ಕೇ ಕಳಿಸೋ ಬಾಗಿಲು ಅದು, ಒಂದು ವಾಲ್ವ್. ಒಳಗಿನ ಕಾವು ಇಳಿದು, ಹೊರಗೆ ಹೋಗೋ ವಿಷದ ಗಾಳಿ ಕಡಿಮೆ ಆಗುತ್ತೆ. ಬೇಕಾದಾಗ ತೆರೀಬೇಕು, ಬೇಡದಾಗ ಮುಚ್ಚಬೇಕು. ತೆರೆದೇ ಉಳಿದ್ರೆ ಇಂಜಿನ್‌ಗೆ ಉಸಿರು ಕಟ್ಟುತ್ತೆ. ನಡುಗುತ್ತೆ, ಕಪ್ಪು ಹೊಗೆ ಉಗುಳುತ್ತೆ. ತಗಡು ಹೊಡೆದ್ರೆ ಹೊಗೆ ಕಣ್ಣಿಗೆ ಕಾಣ್ದೇ ಇರಬಹುದು, ಕಾಣದ ವಿಷ ಜಾಸ್ತಿ ಆಗುತ್ತೆ."

ಗಾಡಿಯ ದೋಷ ಓದುವ ಸ್ಕ್ಯಾನರ್ ಜೋಡಿಸಿದಳು. ದೋಷ ಇಜಿಆರ್‌ನಲ್ಲೇ ಎಂದು ತೋರಿಸಿತು. ಮಾವ ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೆ?"

"ಹೊಸ ವಾಲ್ವ್ ತರೋಕೆ."

"ಕೂತ್ಕೋ ಮಾವ, ನಿನ್ನ ದಮ್ಮಯ್ಯ. ಈ ಸ್ಕ್ಯಾನರ್ ಬೀದಿ ಹೇಳುತ್ತೆ, ಮನೆ ಹೇಳಲ್ಲ. ವೈರ್ ಕಿತ್ತಿರಬಹುದು, ಪೈಪ್ ಸೀಳಿರಬಹುದು, ವಾಲ್ವ್ ಅಂಟಿಕೊಂಡಿರಬಹುದು. ನೋಡದೇ ಹೊಸದು ತಂದು, ಸುಮ್ನೆ ಬದಲಾಯಿಸಿದ ಆ ಹಳೇ ಬ್ಯಾಟರಿ ಪಕ್ಕ ಹಳೇ ವಾಲ್ವನ್ನೂ ಜೋಡಿಸಿಡ್ತೀಯಾ?"

ವೈರು ಸರಿಯಿತ್ತು. ಪೈಪಿನಲ್ಲಿ ಬಿರುಕಿರಲಿಲ್ಲ. ಆಮೇಲೆ ಸ್ಕ್ಯಾನರ್‌ನಿಂದಲೇ ವಾಲ್ವ್‌ಗೆ 'ಮುಚ್ಚು' ಎಂದು ಆದೇಶ ಕೊಟ್ಟಳು. ಅದು ಅರ್ಧ ತೆರೆದೇ ಇತ್ತು.

"ನೋಡು, ಹೇಳಿದ ಮಾತು ಕೇಳ್ತಿಲ್ಲ. ನಿನ್ನ ಹಾಗೇ."

ಇಂಜಿನ್ ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿದರೆ, ವರ್ಷಗಟ್ಟಲೆ ಗುಡಿಸದ ಹೊಗೆಗೂಡಿನಂತೆ ಒಳಗೆಲ್ಲ ಮಸಿ.

"ಇಷ್ಟೊಂದು ಮಸಿ ಸುಮ್ಸುಮ್ನೆ ಕಟ್ಟಲ್ಲ. ಗಾಡಿ ನಿಲ್ಸಿಕೊಂಡು ಇಂಜಿನ್ ಓಡಿಸ್ತಾ ಇರ್ತೀಯಾ?"

ಉತ್ತರ ಬಂದದ್ದು ಮಹಡಿಯ ಕಿಟಕಿಯಿಂದ.

"ಆಸ್ಪತ್ರೆಗೆ ಹೋಗೋ ದಿನ ಎಲ್ಲಾ ಅದೇ ಕೆಲಸ," ಎಂದಳು ಅಕ್ಕ. "ನಾನು ಹೊರಡೋದು ತಡ ಅಂತ ಕೆಳಗೆ ಗುರ್ ಅನ್ನಿಸ್ತಾ ಕೂತಿರ್ತಾನೆ. ಆ ಸದ್ದಿಗೆ ಗಾಬರಿಯಾಗಿ ಶಾಲು ಎಲ್ಲಿಟ್ಟೆ ಅನ್ನೋದೇ ಮರೆತುಹೋಗುತ್ತೆ. ಇನ್ನೂ ತಡ."

"ಕಾಯಿಲೆಯವಳನ್ನ ಕೂಗಿ ಕರೆದ್ರೆ ಬೈದ ಹಾಗಾಗುತ್ತಲ್ಲ ಅಂತ..." ಮಾವ ನೆಲ ನೋಡಿದ.

ಅಕ್ಕ ನಕ್ಕಳು. "ನಂಗೆ ರಕ್ತ ತೊಳೆಸಿಕೊಳ್ಳೋ ದಿನ ಡಾಕ್ಟರು ಹೇಳ್ತಾರೆ. ಆ ಗಾಡಿ ಪಾಪ ದೀಪ ಹಚ್ಚಿ ಹೇಳಿದ್ರೆ ನೀನು ಟೇಪ್ ಹಾಕ್ದೆ."

ಮಗಳು ವಾಲ್ವನ್ನು ದ್ರಾವಣ ಹಾಕಿ ಉಜ್ಜಿ ತೊಳೆದು, ಕೂಡಿಸಿ, ಮತ್ತೆ ಆದೇಶ ಕೊಟ್ಟಳು. ತೆರೆ ಎಂದರೆ ತೆರೆಯಿತು, ಮುಚ್ಚು ಎಂದರೆ ಮುಚ್ಚಿತು. ಊರೆಲ್ಲ ಒಂದು ಸುತ್ತು ಹಾಕಿ ಬಂದರೂ ದೀಪ ಹತ್ತಲಿಲ್ಲ.

"ಮತ್ತೆ ಹತ್ತಿದ್ರೆ?"

"ಆವತ್ತೇ ಬಾ. ಟೇಪ್ ಬಿಟ್ಟು ಬಾ."

ಮುಂದಿನ ಸಲ ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಮಾವ ಕೀಲಿ ತಿರುಗಿಸಲಿಲ್ಲ. ಮೆಟ್ಟಿಲು ಹತ್ತಿ ಹೋದ. ದಿಂಬಿನಡಿ ಇದ್ದ ಶಾಲು ಹುಡುಕಿ ಹೊದಿಸಿದ. ಕೈಹಿಡಿದು ಇಳಿಸಿ, ಕೂರಿಸಿ, ಆಮೇಲೆ ಗಾಡಿ ಶುರು ಮಾಡಿದ.

"ಇನ್ನೂ ಸ್ಟಾರ್ಟ್ ಮಾಡಿಲ್ವೇನೋ?" ಗಾಡಿ ನಡುಗದ್ದು ನೋಡಿ ಕೇಳಿದಳು ಅಕ್ಕ.

"ಆಗಿದೆ ಅಕ್ಕ."

ಆಸ್ಪತ್ರೆಯಲ್ಲಿ ಅವಳ ಹಾಸಿಗೆ ಅವಳಿಗಾಗಿ ಕಾದಿತ್ತು.

ಓದುತ್ತಿರುವ ಬಂಧುಗಳೇ, ನಿಮ್ಮ ಗಾಡಿ ದೀಪ ಹಚ್ಚಿ ಕರೆದರೆ ಓಗೊಡಿ. ಬಿಡಿಭಾಗ ಕೊಳ್ಳುವ ಮೊದಲು, ದೋಷ ಎಲ್ಲಿದೆಯೆಂದು ಪರೀಕ್ಷಿಸಿ ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಇಜಿಆರ್‌ಗೆ ತಗಡು ಹೊಡೆಸಬೇಡಿ. ಯಾರಿಗಾದರೂ ಕಾಯುವಾಗ ಇಂಜಿನ್ ಆರಿಸಿ, ಸಾಧ್ಯವಾದರೆ ಹೋಗಿ ಕೈಹಿಡಿದು ಕರೆತನ್ನಿ. ಭಗವಂತ ಗಾಳಿಯನ್ನು ಮನೆಮನೆಗೆ ಭಾಗ ಮಾಡಿ ಕೊಟ್ಟಿಲ್ಲ. ನಿಮ್ಮ ಗಾಡಿಯ ಹೊಗೆ ನಿಂತ ದಿನ, ಎದುರು ಮನೆಯ ಕಿಟಕಿ ತೆರೆಯುತ್ತದೆ.