ನೆರಳಿನಲ್ಲಿ ಒಣಗಿದ ಇಳಕಲ್ ಸೀರೆ

ಭಾನುವಾರ ಹನ್ನೊಂದರ ಹೊತ್ತಿಗೆ ಎದುರು ಮನೆಯ ಪ್ರೇರಣಾ ಬಾಗಿಲು ತಟ್ಟಿದಳು. ಅವಳ ತೋಳಿನ ಮೇಲೆ ಒದ್ದೆ ಹಗ್ಗದಂಥ ಸುರುಳಿಯೊಂದಿತ್ತು.

"ಆಂಟಿ, ಮಷಿನ್‌ಗೆ ಹಾಕಿಬಿಟ್ಟೆ. ನಮ್ಮಜ್ಜಿ ಇಳಕಲ್ ಸೀರಿ. ನೀರು ಹಿಂಡೋ ಮುಂದ ಹಿಂಗ ತಿರುಚಿಕೊಂಡೈತಿ."

ಗದಗದ ಹುಡುಗಿ, ಕೆಲಸ ಈ ಗುಜರಾತಿ ಶಹರದ ನವರಂಗಪುರದಲ್ಲಿ. ಮಣಿನಗರದ ನಮ್ಮ ಕಟ್ಟಡಕ್ಕೆ ಬಾಡಿಗೆಗೆ ಬಂದು ಏಳು ತಿಂಗಳು. ಮಾರನೆಯ ಬೆಳಿಗ್ಗೆಯ ರೈಲಿಗೆ ಅವಳ ಅಜ್ಜಿ ಬರುವವರಿದ್ದರು. ಜೊತೆಗೆ ಬರುವ ಊರಿನವರು ಸೂರತ್‌ನಲ್ಲೇ ಇಳಿದುಬಿಡುತ್ತಾರೆ, ಅಲ್ಲಿಂದ ಮುಂದೆ ಅಜ್ಜಿ ಒಬ್ಬರೇ. ಕಣ್ಣು ಮಂಜು. "ನನ್ನ ಸೀರಿ ಉಟ್ಕೊಂಡು ನಿಂದ್ರು. ನಿನ್ನ ಮಾರಿ ಕಾಣದಿದ್ರೂ ಸೀರಿ ಗುರುತು ಹಿಡೀತೀನಿ" ಎಂದಿದ್ದರಂತೆ.

"ಇಸ್ತ್ರಿ ಹೊಡೀಲೇನ್ರಿ?"

"ಸುಟ್ಟೀಯೆ! ರೇಷ್ಮೆ ಸೆರಗು ಅದು. ಒಂದು ಬಕೆಟ್ ತಣ್ಣೀರು ತಾ, ಸೋಪು ಬೇಡ."

ಇಳಕಲ್ ಸೀರೆಯಲ್ಲಿ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಲ್ಲೇ ಬೆರಳಾಡಿಸಿದೆ. ಎರಡು ಎಳೆ ಮೇಲೆದ್ದಿದ್ದವು, ಹರಿದಿರಲಿಲ್ಲ. ನೀರಿಗಿಳಿಸಿದ ಮೇಲೆ ಸೀರೆ ತಾನಾಗಿಯೇ ಬಿಚ್ಚಿಕೊಂಡಿತು, ನಿದ್ದೆಯಲ್ಲಿ ಮಗು ಮುಷ್ಟಿ ಸಡಿಲಿಸಿದ ಹಾಗೆ. ಹಿಂಡದೆ, ಎರಡೂ ತೋಳುಗಳ ಮೇಲೆ ಹೊತ್ತು ನೀರು ಬಸಿದೆವು.

ಟೆರೇಸಿನ ಬಿಸಿಲಿಗೆ ಬಣ್ಣ ಹೋಗುತ್ತದೆ. ಒಂಬತ್ತು ಗಜದ ಸೀರೆ ಮನೆಯೊಳಗೆ ಹಿಡಿಸದು. ನಮ್ಮ ಗ್ರಿಲ್ಲಿನಿಂದ ಮೆಟ್ಟಿಲ ಕಂಬಿಯವರೆಗೆ, ಪ್ಯಾಸೇಜಿನ ಉದ್ದಕ್ಕೂ ಹಗ್ಗ ಕಟ್ಟಿ ಹರಡಿದೆವು. ಗುರುತು ಬೀಳುತ್ತದೆಂದು ಕ್ಲಿಪ್ಪು ಹಾಕಲಿಲ್ಲ.

ಪಕ್ಕದ ಮನೆಯ ಮಂಜುಲಾಬೆನ್ ಹೊರಗೆ ಬಂದವರು ನಿಂತೇಬಿಟ್ಟರು. "ಅರೇ, ರಸ್ತಾ ಬಂದ್? ಟೋಲ್ ಲೋಗೀ ಕ್ಯಾ?" ದಾರಿ ಕಟ್ಟಿ ಸುಂಕ ವಸೂಲಿಯೇ ಎಂದು ತಮಾಷೆ.

"ಹಾಂ. ಸಿರ್ ಝುಕಾವೋ, ಟೋಲ್ ಮಾಫ್." ತಲೆ ಬಗ್ಗಿಸಿದರೆ ಸುಂಕವಿಲ್ಲ ಎಂದೆ.

ನಗುತ್ತಾ ತಲೆ ಬಗ್ಗಿಸಿ ದಾಟಿದರು.

ಕಾವಲಿಗೆಂದು ಕುರ್ಚಿ ಹಾಕಿಕೊಂಡು ಕೂತೆ. ಕೆಂಪು ಸೆರಗಿನಿಂದ ಸೋಸಿ ಬಂದ ಬೆಳಕು ಗೋಡೆಯ ಮೇಲೆ ನೀರಿನಂತೆ ಆಡುತ್ತಿತ್ತು. ಪ್ಯಾಸೇಜು ದೋಣಿಯಾಗಿ ಮೆಲ್ಲಗೆ ಎಲ್ಲಿಗೋ ಹೊರಟಂತಿತ್ತು. ಬಂದವರೆಲ್ಲ ಗರ್ಭಗುಡಿಯ ಗಿಡ್ಡ ಬಾಗಿಲು ದಾಟುವವರಂತೆ ಬಾಗಿದರು. ಕೊರಿಯರ್‌ನವನು ಹೆಲ್ಮೆಟ್ ತೆಗೆದು ಎದೆಗವಚಿಕೊಂಡು ಬಾಗಿದ. ಮೇಲಿನ ಮನೆಯಾಕೆ ತರಕಾರಿ ಚೀಲವನ್ನು ನೆಲದ ಮೇಲೆ ಜಾರಿಸಿ, ಆಮೇಲೆ ತಾನು ನುಸುಳಿದಳು. ಯಾರೂ ಗೊಣಗಲಿಲ್ಲ. ಬರಬರುತ್ತಾ ಎಲ್ಲರ ದನಿಯೂ ತಗ್ಗಿತು. ನನಗೆ ಯಾವಾಗ ಜೊಂಪು ಹತ್ತಿತೋ! ಸೀರೆಯ ಆಚೆ ತುದಿ ಹಿಡಿದು ನನ್ನಮ್ಮ ನಿಂತಿದ್ದಳು. ಒಂದೊಂದೇ ಮಡಿಕೆ ಹಾಕುತ್ತಾ ನನ್ನ ಕಡೆಗೆ ನಡೆದು ಬರುತ್ತಿದ್ದಳು, ಎಷ್ಟು ಬಂದರೂ ದಾರಿ ಮುಗಿಯುತ್ತಿರಲಿಲ್ಲ.

ಎಚ್ಚರವಾದಾಗ ಕತ್ತಿನ ಹಿಂದೆ ಪುಟ್ಟ ದಿಂಬು. ಮಂಜುಲಾಬೆನ್ ಮನೆಯೊಳಗಿನಿಂದ ಎಳೆದ ವೈರಿನಲ್ಲಿ ಟೇಬಲ್ ಫ್ಯಾನೊಂದು ತೀರಾ ನಿಧಾನಕ್ಕೆ ತಿರುಗುತ್ತಾ ಸೀರೆಗೆ ಗಾಳಿ ಹಾಕುತ್ತಿತ್ತು. ಅವರ ಬಾಗಿಲು ಮುಚ್ಚಿತ್ತು.

ಇನ್ನೂ ತುಸು ಹಸಿ ಇರುವಾಗಲೇ ಪ್ರೇರಣಾ ಒಂದು ತುದಿ, ನಾನೊಂದು ತುದಿ ಹಿಡಿದೆವು.

"ಜಗ್ಗಲೇನ್ರಿ?"

"ಬೇಡ. ಸುಮ್ಮನೆ ಸ್ವಲ್ಪ ಹಿಂದಕ್ಕೆ ವಾಲು."

ಅವಳು ವಾಲಿದಳು, ನಾನೂ ವಾಲಿದೆ. ಸುಕ್ಕುಗಳು ಒಂದೊಂದಾಗಿ ಮಲಗಿದವು. ಕೊಂಡಿ ಬಿಡದೆ ತಡೆದುಕೊಂಡಿತು.

ಬೆಳಿಗ್ಗೆ ಪ್ರೇರಣಾ ಅದೇ ಸೀರೆ ಉಟ್ಟು, ಸ್ಟೇಷನ್ನಿಗೆ ನನ್ನನ್ನೂ ಎಳೆದುಕೊಂಡು ಹೋದಳು. ರೈಲಿನ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಅವರ ನೋಟ ಜನರ ಮೇಲೆ ಹಾಗೇ ಹರಿದು, ನಮ್ಮ ಕಡೆ ಬಂದು ನಿಂತಿತು.

"ಪ್ರೇರಣಾ!"

ಇಳಿದವರೇ ಸೆರಗು ಹಿಡಿದರು. ಬೆರಳುಗಳು ಸವರುತ್ತಾ ಕೊಂಡಿಯ ಹತ್ತಿರ ನಿಂತವು.

"ಅಜ್ಜಿ, ನಾ ಅದನ್ನ ಮಷಿನ್‌ಗೆ..."

"ಗೊತ್ತಾತು ಬಿಡು. ಎರಡು ಎಳಿ ಎದ್ದಾವ. ಸುಕ್ಕಂತೂ ಇಲ್ಲ." ಆಮೇಲೆ ಕೇಳಿದರು, "ಆ ಕಡಿ ತುದಿ ಯಾರ್ ಹಿಡಿದಿದ್ರು?"

ಪ್ರೇರಣಾ ನನ್ನ ಕೈಯನ್ನು ಅಜ್ಜಿಯ ಕೈಗಿಟ್ಟಳು. ಅವರು ಅದನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

"ಹಂಗಾರ ಈ ಚೀಲದ್ದೂ ಒಂದು ಕಿವಿ ಹಿಡೀರಿ, ನಮ್ಮವ್ವ. ರೊಟ್ಟಿ ಭಾಳ ತಂದೀನಿ."