ಓರೆನೋಟದ ಮನೆ

ಗಡಿಯಾರ ರಿಪೇರಿಯವರ ಆ ಮನೆಯಲ್ಲಿ ಹುಟ್ಟಿ ಕಸುಬಿಗೆ ಕೂತವರು ಯಾರೂ ಯಾರನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ತಲೆಯನ್ನು ಒಂದಿಷ್ಟು ವಾಲಿಸಿ, ಎದುರಿನವರ ಕಿವಿಯ ಪಕ್ಕ ಕಣ್ಣಿಟ್ಟು ಮಾತಾಡುವುದು ಅವರ ವಾಡಿಕೆ. ಬೀದಿಯವರು ಅದನ್ನು ಕಸುಬುದಾರರ ನೋಟ ಎಂದು ಹೊಗಳಿದರೆ ಮನೆಯವರು ಬೀಗುತ್ತಿದ್ದರು. ಮದುವೆಯಾಗಿ ಹೊರಗಿನಿಂದ ಬಂದ ಅತ್ತೆ ಮತ್ತು ಸೊಸೆ ಮಾತ್ರ ನೆಟ್ಟಗೆ ನೋಡುತ್ತಿದ್ದರು. ಅದಕ್ಕೇ ಅವರಿಗೆ ಕಸುಬಿನ ಗಂಧಗಾಳಿ ಇಲ್ಲವೆಂದು ಮಾವ ಹಂಗಿಸುತ್ತಿದ್ದರು. ಯಾರಾದರೂ ಕೈಗಡಿಯಾರ ತಂದರೆ, "ಅಂಥ ಚಿಲ್ಲರೆ ಕೆಲಸ ನಾವು ಮಾಡೋದಿಲ್ಲ, ಗೋಡೆ ಗಡಿಯಾರ ಇದ್ರೆ ತನ್ನಿ" ಎಂದು ಸಾಗಹಾಕುತ್ತಿದ್ದರು. ತಿರುಪು ಕೆಳಗೆ ಬಿದ್ದರೆ ಹುಡುಕಿ ಕೊಡುವವಳು ಸೊಸೆ.

ಈ ಸೊಸೆಗೆ ಆಕಾಶದ ಹುಚ್ಚು. ತವರಿನಿಂದ ತಂದ ಪುಟ್ಟ ದೂರದರ್ಶಕವನ್ನು ಬಿಡುವಾದಾಗಲೆಲ್ಲ ತಾರಸಿಗೆ ಹೊತ್ತೊಯ್ಯುತ್ತಿದ್ದಳು. ಸೂರ್ಯನನ್ನು ನೋಡುವಾಗ ಕೊಳವೆಗೆ ಕಣ್ಣಿಡುತ್ತಿರಲಿಲ್ಲ, ಯಾರನ್ನೂ ಇಡಗೊಡುತ್ತಲೂ ಇರಲಿಲ್ಲ. ಬಿಸಿಲಿಗೆ ಬೆನ್ನು ಹಾಕಿ ಕೂತು, ಕೊಳವೆಯಿಂದ ಇಳಿದ ಬೆಳಕನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿಕೊಳ್ಳುತ್ತಿದ್ದಳು. ರಟ್ಟಿನ ಮೇಲೆ ತಟ್ಟೆಯಗಲದ ಸೂರ್ಯ, ಅದರಲ್ಲಿ ಸಾಸಿವೆಯಂಥ ಕಪ್ಪು ಕಲೆಗಳು. ಮನೆಯವರೆಲ್ಲ ಚೂಟಿ ಎಂದು ಕರೆಯುವ ಮಗಳು ಪೆನ್ಸಿಲು ಹಿಡಿದು ಅವನ್ನು ಗುರುತಿಸುತ್ತಿದ್ದಳು.

"ಸೂರ್ಯಂಗೂ ಮೊಡವೆ ಬರುತ್ತಾ ಅಮ್ಮಾ?"

ಒಂದು ಮಧ್ಯಾಹ್ನ ಗಂಡನೂ ಬಂದು ರಟ್ಟಿನ ಮೇಲೆ ಬಗ್ಗಿದ. ತಲೆಯನ್ನು ಬಲಕ್ಕೆ ವಾಲಿಸಿದ, ಎಡಕ್ಕೆ ವಾಲಿಸಿದ. ಚೂಟಿ ಬೆರಳಿಟ್ಟು ತೋರಿಸಿದರೂ ಅವನಿಗೆ ಕಲೆ ಕಾಣಲಿಲ್ಲ. "ನೆಟ್ಟಗೆ ನೋಡಿದ್ರೆ ಏನಾಗುತ್ತೆ ನಿಮಗೆ?" ಎಂದು ಹೆಂಡತಿ ಕೇಳಿದ್ದೇ ತಡ, ಸಿಡುಕಿ ಮೆಟ್ಟಿಲಿಳಿದು ಹೋದ.

ಅದೇ ಸಂಜೆ ಅತ್ತೆ ಸಂಭ್ರಮದಿಂದ ಹೇಳಿದರು: "ಚೂಟಿನ ರಿಪೇರಿ ಬೆಂಚಿಗೆ ಕೂರಿಸ್ತಾರಂತೆ ಕಣೇ. ನಾಳೆಯಿಂದ ಕಣ್ಣು ಹದ ಮಾಡ್ತಾರೆ."

"ಹಾಗಂದ್ರೆ?"

ಹಾಗೆಂದರೆ ಇಷ್ಟೇ. ನಡುಮಧ್ಯಾಹ್ನ ಮಗುವನ್ನು ಅಂಗಳದಲ್ಲಿ ನಿಲ್ಲಿಸುವುದು. ಹಿರಿಯರು ದೊಡ್ಡ ಗಡಿಯಾರಕ್ಕೆ ಕೀಲಿ ಕೊಟ್ಟು ಮುಗಿಸುವ ತನಕ ಮಗು ಎವೆಯಿಕ್ಕದೆ ಸೂರ್ಯನನ್ನೇ ದಿಟ್ಟಿಸಬೇಕು. ವಾರವಿಡೀ ಹೀಗೆ. ಮಾವನೂ ದಿಟ್ಟಿಸಿದ್ದರು, ಅವರ ಅಪ್ಪನೂ ದಿಟ್ಟಿಸಿದ್ದರು, ತನ್ನ ಗಂಡನೂ ದಿಟ್ಟಿಸಿದ್ದ. ಆ ಮನೆಯ ಓರೆನೋಟ ಎಲ್ಲಿಂದ ಬಂತೆಂದು ಸೊಸೆಗೆ ಅರ್ಥವಾಗಿಹೋಯಿತು.

ಮರುದಿನ ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಒಗೆದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕಿದಳು. ಅಂಗಳದಲ್ಲಿ ನೆರಳು ಗೋಡೆಯತ್ತ ಸರಿಯುವುದನ್ನು ಹೋಗಿ ಹೋಗಿ ನೋಡಿದಳು. ಕೊನೆಗೆ ತಡೆಯಲಾರದೆ ಮಾವನ ಬೆಂಚಿನ ಮುಂದೆ ಬಂದು ನಿಂತಳು.

"ಮಾವ, ಚೂಟಿ ಸೂರ್ಯನ್ನ ನೋಡೋದು ಬೇಡ."

ಮಾವ ನಕ್ಕರು. "ಚೆನ್ನಾಗಿದೆ ತಾಯಿ! ನೀನು ದಿನವಿಡೀ ಕೊಳವೆ ಹಿಡ್ಕೊಂಡು ನೋಡಬಹುದು, ನಾವು ನೋಡಿದ್ರೆ ತಪ್ಪಾ?"

"ನಾನು ನೋಡೋದು ರಟ್ಟನ್ನ ಮಾವ, ಸೂರ್ಯನ್ನಲ್ಲ. ಸ್ವಲ್ಪ ಹೊರಗೆ ಬನ್ನಿ."

ದೂರದರ್ಶಕವನ್ನು ಅಂಗಳಕ್ಕೆ ತಂದು ಬಿಸಿಲಿಗೆ ತಿರುಗಿಸಿದಳು. ಕಣ್ಣಿಡುವ ತುದಿಯ ಹತ್ತಿರ ಒಣ ಎಲೆ ಹಿಡಿದಳು. ಎಲೆ ಹೊಗೆಯಾಡಿ ತೂತು ಬಿತ್ತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಮಾವ ಜಗ್ಗಲಿಲ್ಲ. "ಅದು ನಿನ್ನ ಗಾಜಿನ ಆಟ. ನಾವು ಬರಿಗಣ್ಣಲ್ಲಿ ನೋಡೋದು."

"ಕಣ್ಣೊಳಗೂ ಒಂದು ಗಾಜಿದೆ ಮಾವ. ಅದೂ ಬಿಸಿಲನ್ನ ಒಂದೇ ಕಡೆ ಕೂಡಿಸುತ್ತೆ. ಒಳಗೆ ಸುಟ್ಟರೆ ನೋವೂ ಆಗಲ್ಲ, ಹೊಗೆಯೂ ಬರಲ್ಲ."

"ನಮ್ಮಪ್ಪ ನೋಡಿದ್ರು, ನಾನು ನೋಡ್ದೆ. ನಮಗೇನು ಕಣ್ಣು ಹೋಯ್ತಾ? ನಿನ್ನೆ ಮೊನ್ನೆ ಬಂದವಳು ನಮಗೆ ಬುದ್ಧಿ ಹೇಳ್ತೀಯಾ?" ಎಂದು ಮಾವ ಗಡಿಯಾರದ ಕೀಲಿ ಕೈಗೆತ್ತಿಕೊಂಡರು. "ಚೂಟಿ, ಬಾ ಇಲ್ಲಿ."

ಮಗು ಬಿಸಿಲಿಗೆ ಬಂದು ನಿಂತಿತು. ಸೊಸೆ ಓಡಿಬಂದು ತನ್ನ ಅಂಗೈಗಳಿಂದ ಅದರ ಕಣ್ಣು ಮುಚ್ಚಿದಳು. "ನಾನು ಬಿಡೋದಿಲ್ಲ. ನನ್ನನ್ನ ಮನೆಯಿಂದ ಆಚೆ ಹಾಕಿ ಬೇಕಾದ್ರೆ. ನನ್ನ ಮಗಳ ಕಣ್ಣು ಕೊಡೋದಿಲ್ಲ."

ಓದುವವರೇ, ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದರೂ ಬಿಡದೆ ನಿಂತಳಲ್ಲ, ಆ ಹೆಣ್ಣುಮಗಳ ಧೈರ್ಯಕ್ಕೆ ಏನೆನ್ನಬೇಕು!

"ಎಳ್ಕೊಂಡು ಬಾರೋ ಅವಳನ್ನ!" ಎಂದು ಮಾವ ಮಗನನ್ನು ಗದರಿದರು.

ಬಾಗಿಲಲ್ಲಿ ನಿಂತಿದ್ದ ಮಗ ಅಲ್ಲಾಡಲಿಲ್ಲ. "ಅಪ್ಪಾ, ನೆಟ್ಟಗೆ ನೋಡಿದ ಜಾಗದಲ್ಲಿ ನಂಗೆ ಏನೂ ಕಾಣಲ್ಲ. ನಡುವೆ ಒಂದು ಮಬ್ಬು ಕೂತಿದೆ. ಚೂಟಿ ಹುಟ್ಟಿದಾಗ ಕೈಗೆ ಕೊಟ್ರು, ಕಿವಿ ಕಾಣಿಸ್ತು, ಕೂದಲು ಕಾಣಿಸ್ತು. ಮುಖ ಇಡಿಯಾಗಿ ಇವತ್ತಿನವರೆಗೂ ಕಂಡಿಲ್ಲ. ಮನೆ ಮರ್ಯಾದೆ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ." ಅಪ್ಪನ ಹತ್ತಿರ ಬಂದು ಕೇಳಿದ: "ನಿಮಗೆ ಕಾಣುತ್ತಾ ಅಪ್ಪಾ? ನಿಜ ಹೇಳಿ."

ಸೊಸೆ ಮಗುವಿನ ಕಣ್ಣಿನಿಂದ ಕೈ ತೆಗೆದು, ಅದನ್ನು ನೆರಳಿಗೆ ಕರೆತಂದು ಮಾವನ ಎದುರಿಗೆ ನಿಲ್ಲಿಸಿದಳು. ಮುದುಕರು ವಾಲಿದ ತಲೆಯನ್ನು ಮೆಲ್ಲಗೆ ನೇರ ಮಾಡಿದರು. ಮೊಮ್ಮಗಳ ಮುಖವಿರಬೇಕಾದ ಕಡೆ ದಿಟ್ಟಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಕೈ ಮುಂದೆ ಚಾಚಿ ಅವಳ ಹಣೆ, ಮೂಗು, ಗಲ್ಲವನ್ನು ಬೆರಳಿನಿಂದ ತಡವಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಯಾಕೆ ತಾತಾ, ನಾನು ಎದುರಿಗೇ ಇದ್ದೀನಲ್ಲ?" ಎಂದಳು ಚೂಟಿ.

"ಮಗೂನ ಒಳಗೆ ಕರ್ಕೊಂಡು ಹೋಗಮ್ಮ," ಎಂದರು ಮಾವ. "ಬಿಸಿಲು ಜಾಸ್ತಿ ಇದೆ."