ಸೊಟ್ಟ ಗುರುತಿನ ಚೀಟಿ

ನ್ಯೂ ಹ್ಯಾಂಪ್‌ಶೈರ್‌ನ ಎಲ್ಮ್‌ಫರ್ಡ್ ಊರಿಗೆ ಇಪ್ಪತ್ತೆರಡು ವರ್ಷದಿಂದ ಶಾಸಕನೆಂದರೆ ಆರಿನ್ ಪೆಕಮ್ ಒಬ್ಬನೇ. ಇದೊಂದು ಸಲ ಗೆದ್ದು, ಹೊಳೆಯ ಹಳೇ ಸೇತುವೆ ರಿಪೇರಿಯ ಮಸೂದೆ ಪಾಸು ಮಾಡಿಸಿಯೇ ಮನೆಯಲ್ಲಿ ಕೂರಬೇಕೆಂಬುದು ಅವನ ಆಸೆ. ಎದುರಿಗೆ ನಿಂತವಳು ಶಾಲಾ ಬಸ್ಸು ಓಡಿಸುವ ಕೊಲೆಟ್ ಥಿಬೊ.

ಸಂಜೆ ಏಳಕ್ಕೆ ಮತದಾನ ಮುಗಿಯಿತು. ಟೌನ್ ಹಾಲಿನಲ್ಲಿ ಮರದ ಪೆಟ್ಟಿಗೆ ಮಗುಚಿ, ಊರವರೇ ಕೂತು ಕೈಯಲ್ಲಿ ಎಣಿಸತೊಡಗಿದರು. ಎಣಿಕೆಯ ಮೇಜಿಗೆ ಅಡ್ಡ ಕಟ್ಟಿದ ಹಗ್ಗದ ಈಚೆ ಆರಿನ್, ಪಕ್ಕದಲ್ಲಿ ಹೆಂಡತಿ ಲೆಟಿ. ಮರ ಕೊಯ್ಯುವ ಗರಗಸ ಅವನ ತೋರುಬೆರಳಿನ ತುದಿ ತಿಂದು ಮೂವತ್ತು ವರ್ಷವಾಗಿತ್ತು. ಅಂದಿನಿಂದ ಅವನು ಪೆನ್ಸಿಲ್ ಹಿಡಿದು ಮತಚೀಟಿಯ ಮೇಲೆ ಹಾಕುವ ಗುಣಿಸು ಗುರುತಿನ ಒಂದು ಕಾಲು ಸೊಟ್ಟವೇ. ಆ ಸೊಟ್ಟ ಗುರುತಿನ ಚೀಟಿ ಕೊಲೆಟ್‌ಳ ರಾಶಿಗೆ ಸೇರಿದ್ದನ್ನು ಅವನು ಕಣ್ಣಾರೆ ಕಂಡ. ತನಗೆ ತಾನೇ ಮತ ಹಾಕಿಕೊಳ್ಳುವುದೆಂದರೆ ಬಡಿಸುವವನು ಮೊದಲು ತನ್ನ ತಟ್ಟೆ ತುಂಬಿಕೊಂಡಂತೆ ಎಂದು ಅವನಪ್ಪ ಹೇಳುತ್ತಿದ್ದ. ಎರಡು ವರ್ಷಕ್ಕೊಂದರಂತೆ ನಡೆದ ಹಿಂದಿನ ಹನ್ನೊಂದು ಚುನಾವಣೆಯಲ್ಲೂ ಆರಿನ್ ಎದುರಾಳಿಗೇ ಹಾಕಿದ್ದ. ಮರ್ಯಾದೆಯೆನ್ನಿ, ಮೊಂಡುತನವೆನ್ನಿ, ಪೆಕಮ್ ಮನೆತನವೇ ಹಾಗೆ.

ಚುನಾವಣೆ ನಡೆಸುವ ಮುದುಕ ಡ್ವೈಟ್ ಎದ್ದು ನಿಂತು ಓದಿದ. "ಪೆಕಮ್, ಇನ್ನೂರ ಹನ್ನೆರಡು. ಥಿಬೊ, ಇನ್ನೂರ ಹದಿಮೂರು."

ಕೊಲೆಟ್ ಬಾಯಿಗೆ ಕೈಯಿಟ್ಟುಕೊಂಡಳು.

"ಒಂದೇ ಒಂದಾ?" ಲೆಟಿ ಗಂಡನ ತೋಳು ಹಿಡಿದಳು. "ಮತ್ತೆ ಎಣಿಸಿ ಅಂತ ಬರೆದುಕೊಡು, ಈಗಲೇ! ಕಣ್ಣು ಕಾಣದ ಡ್ವೈಟ್‌ನ ನಂಬ್ಕೊಂಡ್ರೆ ಆಯ್ತು ಕಥೆ!"

"ಕಿವಿ ಚೆನ್ನಾಗಿ ಕೇಳುತ್ತೆ ಕಣಮ್ಮಾ," ಎಂದ ಡ್ವೈಟ್.

"ಲೆಕ್ಕ ಸರಿಯಿದೆ ಲೆಟಿ. ನನ್ನ ಸೋಲಿಸಿದೋನು ಯಾರೂಂತ ನಂಗೊತ್ತು."

"ಯಾರವನು? ಹೇಳು, ಅವನ ಜನ್ಮ ಜಾಲಾಡ್ತೀನಿ!"

ಆರಿನ್ ತನ್ನ ತುಂಡು ಬೆರಳು ಎತ್ತಿ ತೋರಿಸಿದ. ಲೆಟಿ ಬೆರಳನ್ನು ನೋಡಿದಳು, ಗಂಡನ ಮುಖ ನೋಡಿದಳು. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು.

"ಅಯ್ಯೋ ನನ್ನ ದಡ್ಡ ಗಂಡನೇ!"

ಅವನಿಗೆ ಅಳು ಬರಬೇಕಿತ್ತು. ಬಂದದ್ದು ಬೆರಗು. ಬಂದೂಕಿಲ್ಲ, ಬೈಗುಳವಿಲ್ಲ. ಅಂಗೈಯಗಲದ ಕಾಗದವೊಂದು ಇಪ್ಪತ್ತೆರಡು ವರ್ಷದ ಕುರ್ಚಿಯನ್ನು ಎತ್ತಿ ಇನ್ನೊಬ್ಬರಿಗೆ ಕೊಟ್ಟಿತ್ತು.

ಅವನು ಹಗ್ಗ ದಾಟಿ ಹೋಗಿ ಕೊಲೆಟ್‌ಳ ಕೈ ಕುಲುಕಿದ. "ಸೇತುವೆ ಮಾತ್ರ ಮರೀಬೇಡಮ್ಮ."

"ದಿನಾ ಅದರ ಮೇಲೇ ಬಸ್ ಓಡಿಸ್ತೀನಲ್ಲ, ಹೆಂಗೆ ಮರೀಲಿ?" ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

ಪ್ರತಿ ವರ್ಷ ಶಾಲೆಗೆ ಹೋಗಿ, ಒಂದೊಂದು ಮತಕ್ಕೂ ಬೆಲೆಯಿದೆ ಮಕ್ಕಳೇ ಎಂದು ಆರಿನ್ ಭಾಷಣ ಬಿಗಿಯುತ್ತಿದ್ದ. ಆ ಮಾತನ್ನು ಅವನು ನಿಜವಾಗಿ ನಂಬಿದ್ದು ಇವತ್ತೇ.